ತಾಮ್ರಕ್ಕೆ ಒಡೆಯನಿಲ್ಲ

ನನ್ನ ಗಂಡ ಯೆವ್ಲಾಂಪಿ ಜಖಾರಿಚ್ ಕೆತ್ತನೆಗಾರ. ಚೀಟಿ ಬಟ್ಟೆಗೆ ಅಚ್ಚು ಹಾಕುವ ತಾಮ್ರದ ಉರುಳೆಗಳ ಮೇಲೆ ಹೂ ಬಳ್ಳಿ ಕೆತ್ತುವುದು ಅವನ ಕೆಲಸ. ಹುಡುಗನಾಗಿದ್ದಾಗ ಉಳಿ ಹಿಡಿದವನು ಸಾಯುವ ಹಿಂದಿನ ಚಳಿಗಾಲದವರೆಗೂ ಕೆಳಗಿಡಲಿಲ್ಲ. ನಮ್ಮ ಇವಾನೊವೊ ಕಡೆ ಗಿರಣಿಗಳಿಗೆ ಬರವಿಲ್ಲ, ಕೆತ್ತನೆಗಾರರಿಗೂ ಬರವಿಲ್ಲ. ಅವರಲ್ಲಿ ಅವನೂ ಒಬ್ಬ. ಆದರೆ ಚೆರ್ಯೋಮುಖಾ ಹೂವಿನ ಚೀಟಿ ಬಟ್ಟೆ ಅವನದು. ಅದು ಅವನದೆಂದು ಯಾರಿಗೂ ಗೊತ್ತಿಲ್ಲ. ನನ್ನ ಸಂಕಟ ಇಷ್ಟೇ.

ನಾನು ಅದೇ ಗಿರಣಿಯಲ್ಲಿ ಅಚ್ಚುಯಂತ್ರದ ಮುಂದೆ ನಿಲ್ಲುತ್ತಿದ್ದೆ. ಕೆತ್ತನೆ ಕೋಣೆಯಲ್ಲಿ ಕೆತ್ತಿದ್ದು ನನ್ನ ಕೈಮೇಲೆ ಬಟ್ಟೆಯಾಗಿ ಹರಿದು ಬರುತ್ತಿತ್ತು. ಒಂದು ದಿನ ಉರುಳೆಯಲ್ಲಿ ಗೀರು ಬಿದ್ದು ಬಟ್ಟೆಯುದ್ದಕ್ಕೂ ಕೆಂಪು ದಾರ ಎಳೆದ ಹಾಗಾಯಿತು. ಆಗ ನನಗೆ ಇನ್ನೂ ಮದುವೆಯಾಗಿರಲಿಲ್ಲ, ಬಾಯಿ ಜೋರು. ನೆಟ್ಟಗೆ ಕೆತ್ತನೆ ಕೋಣೆಗೆ ನುಗ್ಗಿದೆ.

“ಇದನ್ನ ಕೆತ್ತಿದ ಕುರುಡ ಯಾರು?”

ಯಾರೂ ತಲೆ ಎತ್ತಲಿಲ್ಲ. ಹತ್ತು ಮಂದಿ ಹತ್ತು ಉರುಳೆಗಳ ಮೇಲೆ ಬಾಗಿ ಕೂತಿದ್ದರು. ಕೊನೆಗೆ ಕಿಟಕಿಯ ಬಳಿ ಇದ್ದ ಒಬ್ಬ ಎದ್ದು ಬಂದ.

“ಯಾರು ಕೆತ್ತಿದ್ರೇನು ತಾಯಿ. ತಾ ಇಲ್ಲಿ, ಸರಿಮಾಡ್ತೀನಿ.”

“ಹಂಗಾದ್ರೆ ಕುರುಡ ನೀನೇ.”

“ಹಂಗೇ ಅಂತಿಟ್ಕೊ. ಕಣ್ಣು ಕಾಣೋರು ಯಾರಾದ್ರೂ ಕೈ ಹಿಡಿದು ನಡೆಸಬೇಕು ಅಷ್ಟೆ.”

ಎಲ್ಲರೂ ನಕ್ಕರು. ಆ ಶರತ್ಕಾಲದಲ್ಲೇ ನಮ್ಮ ಮದುವೆಯಾಯಿತು. ಆ ಗೀರು ಅವನದಲ್ಲ, ಅವನ ಗೆಳೆಯ ಜೊಸಿಮಾನದು ಎಂಬುದು ವರ್ಷಗಳ ಮೇಲೆ ಗೊತ್ತಾಯಿತು. ಅದನ್ನೂ ಅವನು ಹೇಳಲಿಲ್ಲ, ಜೊಸಿಮಾನೇ ಕುಡಿದಾಗ ಹೇಳಿದ್ದು.

ಕೆತ್ತನೆ ಕೋಣೆಯ ಕಟ್ಟಳೆ ಅದು. ಕಲಿಯುವ ಹುಡುಗ ಕೆಲಸಗಾರನಾದ ದಿನ ಉರುಳೆಯ ಮೇಲೆ ಅಂಗೈ ಇಟ್ಟು “ತಾಮ್ರಕ್ಕೆ ಒಡೆಯನಿಲ್ಲ” ಎನ್ನಬೇಕು. ಆಮೇಲೆ ಎಲ್ಲರಿಗೂ ವೋದ್ಕಾ ಕುಡಿಸಬೇಕು. ಹಿಂದೆ ಯಾವನೋ ಒಬ್ಬ ಜಂಬಗಾರ ಹೂವಿನ ನಡುವೆ ತನ್ನ ಹೆಸರಿನ ಅಕ್ಷರ ಕೆತ್ತಿದ್ದನಂತೆ. ಆ ಅಕ್ಷರ ಥಾನು ಥಾನು ಬಟ್ಟೆಯ ಮೇಲೆ ಬಿತ್ತು. ಮಾಲೀಕ ಇಡೀ ಕೋಣೆಗೆ ಜುಲ್ಮಾನೆ ಹಾಕಿದ. ಆ ಚಳಿಗಾಲ ಅವರ ಮನೆಗಳಲ್ಲಿ ಒಲೆ ಹತ್ತಲಿಲ್ಲ. ಅಂದಿನಿಂದ ಒಳ್ಳೆಯದು ಕೆತ್ತಿದರೂ ಯಾರದೂ ಅಲ್ಲ, ಕೆಟ್ಟದ್ದು ಕೆತ್ತಿದರೂ ಯಾರದೂ ಅಲ್ಲ. ನಾನು ಕೆತ್ತಿದ್ದು ಎಂದು ಬಾಯಿಬಿಟ್ಟವನ ಜೊತೆ ಯಾರೂ ಕೂತು ಉಣ್ಣುತ್ತಿರಲಿಲ್ಲ.

ಮೊದಮೊದಲು ನನಗೆ ಇದು ಚೆಂದವೆನಿಸಿತ್ತು. ಒಬ್ಬರನ್ನೊಬ್ಬರು ಬಿಟ್ಟುಕೊಡದ ಗಂಡಸರು ಎಂದುಕೊಂಡಿದ್ದೆ.

ಕ್ರಾಂತಿಯಾಯಿತು. ಮಾಲೀಕ ಗೊರೆಲ್ಕಿನ್ ರಾತ್ರೋರಾತ್ರಿ ಪರಾರಿಯಾದ. ಗಿರಣಿಯಂಗಳದಲ್ಲಿ ಗಾಡಿಯೊಂದರ ಮೇಲೆ ನಿಂತು ಒಬ್ಬ ಸೈನಿಕ ಕೂಗಿದ: “ಕಟ್ಟಡ ನಿಮ್ದು! ಯಂತ್ರ ನಿಮ್ದು! ಬಟ್ಟೆ ನಿಮ್ದು, ತಾಮ್ರ ನಿಮ್ದು!”

ಜೊಸಿಮಾ ನನ್ನ ಗಂಡನ ಪಕ್ಕೆಗೆ ತಿವಿದ. “ಕೇಳಿದ್ಯಾ? ತಾಮ್ರಕ್ಕೂ ಒಡೆಯ ಸಿಕ್ಕಿಬಿಟ್ಟ.”

“ಸಿಗ್ಲಿ ಬಿಡು. ಸೌದೆ ತಂದ್ಕೊಡ್ತಾನಾ ಕೇಳು.”

ಸೌದೆ ಬರಲಿಲ್ಲ. ಹತ್ತಿಯೂ ಬರಲಿಲ್ಲ. ಅಂತರ್ಯುದ್ಧದ ಮೂರನೆಯ ವರ್ಷ ಗಿರಣಿ ನಿಂತೇಹೋಯಿತು. ಜನ ಉಳಿದ ಬಟ್ಟೆಯನ್ನು ಮೈಗೆ ಸುತ್ತಿಕೊಂಡು, ಮೇಲೆ ಕೋಟು ಹಾಕಿ, ರೈಲಿನ ಮಾಡಿನ ಮೇಲೆ ಕೂತು ವೋಲ್ಗಾ ಕಡೆಗೆ ಹೋದರು. ಆ ಬಟ್ಟೆ ಕೊಟ್ಟು ಹಿಟ್ಟು ತಂದವರು ಬದುಕಿದರು. ನಾನೂ ಹೋಗಿ ಬಂದೆ. ನಮಗೆ ಮಕ್ಕಳು ನಿಲ್ಲಲಿಲ್ಲ. ಆ ವರ್ಷಗಳಲ್ಲಿ ಅದು ಪುಣ್ಯ ಎಂದವರೂ ಇದ್ದರು.

ಗಿರಣಿ ನಿಂತರೂ ಅವನು ಬೆಳಿಗ್ಗೆ ಎದ್ದು ಕೆತ್ತನೆ ಕೋಣೆಗೆ ಹೋಗುತ್ತಿದ್ದ. ಉರುಳೆಗಳು ಕಳುವಾಗದಂತೆ ಕಾಯಲು ಅವನನ್ನೂ ಜೊಸಿಮಾನನ್ನೂ ಇಟ್ಟಿದ್ದರು. ಏನೂ ಕೆತ್ತಿರದ ಉರುಳೆ ಒಂದಿತ್ತು. ಅಷ್ಟು ವರ್ಷ ಬೇರೆಯವರು ಬರೆದುಕೊಟ್ಟದ್ದನ್ನೇ ಕೆತ್ತಿದವನಿಗೆ ಆ ವಸಂತದಲ್ಲಿ ಏನಾಯಿತೋ, ನದಿದಂಡೆಯ ಚೆರ್ಯೋಮುಖಾ ಮರದ ಕೆಳಗೆ ಹೋಗಿ ಕೂತ. ಅದು ಅರಳಿದಾಗ ಹೋದ ಚಳಿ ಮತ್ತೆ ತಿರುಗಿ ಬರುತ್ತದೆ. ಮೂಗು ಕೆಂಪಾಗಿಸಿಕೊಂಡು, ಕೊಂಬೆಯೊಂದನ್ನು ಮೊಣಕಾಲ ಮೇಲಿಟ್ಟುಕೊಂಡು, ಸಕ್ಕರೆ ಪೊಟ್ಟಣದ ನೀಲಿ ಕಾಗದದ ಮೇಲೆ ಬಿಳಿ ಗೊಂಚಲುಗಳನ್ನು ಬರೆದ. ಬರೆಯುತ್ತಿರುವಾಗಲೇ ಪಕ್ಕದ ಮನೆಯ ಮೇಕೆ ಬಂದು ಒಂದು ಎಲೆ ಕಚ್ಚಿತು.

“ಥೂ ಪೀಡೆ!” ಎಂದು ನಾನು ಓಡಿಸಹೋದೆ.

“ಇರ್ಲಿ ಬಿಡು ಲುಶಾ. ಅದಕ್ಕೂ ಹಸಿವು” ಎಂದ. ಕಚ್ಚಿದ ಎಲೆಯನ್ನು ಕಚ್ಚಿದ ಹಾಗೆಯೇ ಬರೆದುಕೊಂಡ.

ಬೇಸಿಗೆಯೆಲ್ಲ ಅದನ್ನು ಕೆತ್ತಿದ. ಗಿರಣಿ ಮತ್ತೆ ಶುರುವಾದಾಗ ಹೊಸ ಚಿತ್ತಾರ ಮಾಡಿಸುವಷ್ಟು ಯಾರ ಬಳಿ ಏನಿತ್ತು? ಇದ್ದ ಉರುಳೆಗಳನ್ನೇ ಹಾಕಿದರು. ಇದನ್ನೂ ಹಾಕಿದರು. ನನ್ನ ಯಂತ್ರಕ್ಕೇ ಬಂತು. ಕಡುನೀಲಿಯ ಮೇಲೆ ಬಿಳಿ ಗೊಂಚಲು ಹರಿದು ಬರುವಾಗ ನನ್ನ ಜೊತೆಯವಳು ಯಂತ್ರ ನಿಲ್ಲಿಸಿ, “ಅಯ್ಯೋ ದೇವ್ರೇ, ಘಮ ಬಂದ ಹಾಗಾಯ್ತಲ್ಲೇ” ಎಂದಳು. ಬಂದದ್ದು ಬಣ್ಣದ ಎಣ್ಣೆಯ ವಾಸನೆ. ಆದರೂ ನನಗೂ ಹಾಗೇ ಅನಿಸಿತ್ತು.

ಆ ಬಟ್ಟೆ ಹೋದ ಹಾಗೆ ಯಾವ ಬಟ್ಟೆಯೂ ಹೋಗಲಿಲ್ಲ. ಸಂತೆಯಲ್ಲಿ ರೈತ ಹೆಂಗಸರು ಅದಕ್ಕೆ ಹೆಸರಿಟ್ಟರು, ‘ನದಿದಂಡೆ’ ಎಂದು. ಮದುವೆ ಹೆಣ್ಣುಗಳು ಮುಂಗೈವರೆಗೆ ತೋಳಿಟ್ಟು ಹೊಲಿಸಿಕೊಂಡರು. ನಾನು ಮನೆಗೆ ಬಂದು ಹೇಳಿದರೆ ಅವನು ಎಲೆಕೋಸಿನ ಸಾರಿಗೆ ರೊಟ್ಟಿ ಅದ್ದಿ, “ಹೂಂ” ಎನ್ನುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು.

“ಒಂದ್ಸಲ ಹೇಳು ಜಖಾರಿಚ್. ನಂದು ಅಂತ ಹೇಳು.”

“ಯಾರ ಹತ್ರ?”

“ಯಾರ ಹತ್ರಾನಾದ್ರೂ. ಕೋಳಿ ಹತ್ರ ಹೇಳು.”

“ಕೋಳಿಗೆ ಗೊತ್ತು” ಎಂದು ಮಲಗಿಬಿಟ್ಟ.

ಎಂಟೊಂಬತ್ತು ವರ್ಷ ಹಾಗೇ ಕಳೆದವು. ಆಮೇಲೆ ಕಾಮ್ರೇಡ್ ವೊರೊಬ್ಯೋವಾ ಬಂದಳು. ಮಾಸ್ಕೋದಲ್ಲಿ ಚಿತ್ರ ಕಲಿತ ಹುಡುಗಿ. ಗಂಡಸರ ಹಾಗೆ ಕತ್ತರಿಸಿದ ಕೂದಲು, ಕೆಮ್ಮು, ಒಂದೇ ಜೊತೆ ಬೂಟು. ನಮ್ಮ ಸಾಲುಮನೆಯಲ್ಲೇ ಇದ್ದಳು, ನಾವು ತಿಂದದ್ದನ್ನೇ ತಿಂದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಹೂವೆಂದರೆ ಅವಳಿಗೆ ಆಗುತ್ತಿರಲಿಲ್ಲ. ಹೂ ಜನರನ್ನು ನಿದ್ದೆಗೆ ದೂಡುತ್ತದೆ, ಹೊಸ ಮನುಷ್ಯನ ಮೈಮೇಲೆ ಟ್ರಾಕ್ಟರ್ ಇರಬೇಕು, ಕಾರ್ಖಾನೆಯ ಹೊಗೆಕೊಳವೆ ಇರಬೇಕು, ವಿದ್ಯುತ್ ದೀಪ ಇರಬೇಕು ಎನ್ನುತ್ತಿದ್ದಳು. ಹಳೆಯ ಉರುಳೆಗಳನ್ನು ತೆಗೆದು, ಮೇಲ್ಮೈ ಹೆರೆದು, ಅದೇ ತಾಮ್ರದ ಮೇಲೆ ಹೊಸದನ್ನು ಕೆತ್ತಬೇಕೆಂದು ಮೇಲಿನಿಂದಲೂ ಮಾತು ಬಂದಿತ್ತು. ಯಾವುದನ್ನು ಹೆರೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಕ್ಲಬ್ಬಿನಲ್ಲಿ ಸಭೆ ಕರೆದರು.

ಹಗ್ಗ ಕಟ್ಟಿ ಬಟ್ಟೆಗಳನ್ನು ಒಗೆದು ಒಣಹಾಕಿದ ಹಾಗೆ ನೇತುಹಾಕಿದ್ದರು. ಗುಲಾಬಿ, ದ್ರಾಕ್ಷಿ ಬಳ್ಳಿ, ನವಿಲುಗರಿ. ವೊರೊಬ್ಯೋವಾ ಕೋಲು ಹಿಡಿದು ಒಂದೊಂದನ್ನೇ ತೋರಿಸುತ್ತ ಬಂದಳು. ಜನ ಕೈ ಎತ್ತುತ್ತಿದ್ದರು. ಚೆರ್ಯೋಮುಖಾ ಬಳಿ ಬಂದಾಗ ಅವಳ ಕೋಲು ನಿಂತಿತು.

“ಇದು ಎಲ್ಲಕ್ಕಿಂತ ಅಪಾಯಕಾರಿ, ಯಾಕಂದ್ರೆ ಚೆನ್ನಾಗಿದೆ. ನೋಡಿ, ಇಲ್ಲೊಂದು ಎಲೆ ಕೊಳೀತಾ ಇದೆ. ಹಳೇ ವರ್ಗದ ಮನಸ್ಸು! ಕೊಳೆಯೋದ್ರಲ್ಲೂ ಸೊಗಸು ಕಾಣುತ್ತೆ ಇವರಿಗೆ.”

ಹಿಂದಿನ ಬೆಂಚಿನಿಂದ ಮೇಕೆಯ ಒಡತಿ ಮುದುಕಿ ಕೂಗಿದಳು: “ಅದು ಕೊಳೆತದ್ದಲ್ಲ ಮಗಾ, ಏನೋ ಕಚ್ಚಿರೋದು!”

“ಹಳೇ ವರ್ಗಾನೇ ಕಚ್ಚಿರ್ಬೇಕು” ಎಂದ ಯಾರೋ. ಎಲ್ಲರೂ ನಕ್ಕರು. ವೊರೊಬ್ಯೋವಾಳೂ ನಕ್ಕಳು. ಆಮೇಲೆ ಅವಳು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

“ಕಾಮ್ರೇಡ್ಸ್, ಒಂದು ಮಾತು. ಇದ್ರಲ್ಲಿ ಯಾವುದನ್ನಾದ್ರೂ ಒಬ್ಬ ಕೆಲಸಗಾರ ತಾನೇ ಬರೆದು ಕೆತ್ತಿದ್ರೆ ಅದು ಬೇರೆ ವಿಷಯ. ಅದನ್ನ ಮುಟ್ಟಲ್ಲ. ಮಾಸ್ಕೋಗೆ ಕಳಿಸ್ತೀವಿ, ಅವನ ಹೆಸರು ಹಾಕಿ ಕಳಿಸ್ತೀವಿ. ಯಾರಾದ್ರೂ ಇದ್ದೀರಾ?”

ಕೆತ್ತನೆ ಕೋಣೆಯವರು ಒಂದೇ ಬೆಂಚಿನಲ್ಲಿ ಕೂತಿದ್ದರು. ನನ್ನ ಗಂಡ ಟೋಪಿಯನ್ನು ಮೊಣಕಾಲ ಮೇಲಿಟ್ಟು ಅದರ ಅಂಚನ್ನು ಉಜ್ಜುತ್ತಿದ್ದ. ಜೊಸಿಮಾ ನೆಲ ನೋಡುತ್ತಿದ್ದ. ನಾನು ಹೆಂಗಸರ ಕಡೆಯಿಂದ ಎದ್ದು ನಿಂತೆ.

“ಜಖಾರಿಚ್! ಹೇಳೋ!”

ತಲೆಗಳೆಲ್ಲ ತಿರುಗಿದವು. ವೊರೊಬ್ಯೋವಾ, “ಏನು ಹೇಳಬೇಕು ಕಾಮ್ರೇಡ್?” ಎಂದು ಅವನನ್ನು ಕೇಳಿದಳು.

ಅವನು ನಿಧಾನವಾಗಿ ಎದ್ದ. ಹೇಳಿಯೇಬಿಡುತ್ತಾನೆ ಎಂದುಕೊಂಡೆ.

“ಊಟದ ಹೊತ್ತಾಯ್ತು ಅಂತ ಹೇಳು ಅಂತಾಳೆ. ಆಲೂಗಡ್ಡೆ ಒಲೆ ಮೇಲಿದೆಯಂತೆ.”

ಸಭೆಗೆ ಸಭೆಯೇ ನಕ್ಕಿತು. “ಸವೇಲ್ಯೆವ್ನಾ, ಗಂಡ ಎಲ್ಲಿ ಓಡಿಹೋಗ್ತಾನೆ, ಕೂತ್ಕೊ” ಎಂದು ಪಕ್ಕದವಳು ನನ್ನ ಲಂಗ ಹಿಡಿದೆಳೆದಳು. ಅವನದು, ಆ ಹೂ ಅವನದು ಎಂದು ಕೂಗಿದೆ. ನಗುವಿನಲ್ಲಿ ಯಾರಿಗೂ ಕೇಳಲಿಲ್ಲ. ಕೇಳಿದವರು ತಮಾಷೆ ಎಂದುಕೊಂಡರು. ಚೆರ್ಯೋಮುಖಾ ಹೆರೆಯಬೇಕೆನ್ನುವವರು ಕೈ ಎತ್ತಿ ಎಂದರು. ಮೊದಲು ಎದ್ದ ಕೈಗಳಲ್ಲಿ ಅವನದೂ ಒಂದು.

ಮನೆಗೆ ಬಂದು ನಾನು ಬಟ್ಟಲು ಕುಕ್ಕಿದೆ.

“ನಾಲಿಗೆ ಬಿದ್ದುಹೋಗಿತ್ತಾ ನಿಂದು?”

“ಎಲ್ಲರ ಎದುರಿಗೆ ಹೆಂಗೆ ಹೇಳ್ಲಿ? ಆ ಗುಲಾಬಿ ಯಾರದು, ದ್ರಾಕ್ಷಿ ಯಾರದು? ಪಕ್ಕದಲ್ಲೇ ಕೂತಿದ್ರು ಲುಶಾ. ಅವರದೆಲ್ಲ ಹೆರೆದುಹಾಕಿ, ನಂದೊಂದು ಬಿಡಿ ಅನ್ಲಾ?”

“ಅವರದು ಬೇರೆಯೋರು ಬರ್ಕೊಟ್ಟಿದ್ದು. ನಿಂದು ನೀನೇ ಬರ್ದಿದ್ದು.”

“ಕೈ ಒಂದೇ ಅಲ್ವಾ” ಎಂದ. ಆಲೂಗಡ್ಡೆ ಹಾಗೇ ಉಳಿಯಿತು.

ಉರುಳೆ ಹೆರೆಯಲು ಲೇತಿನ ಮೇಲೆ ಏರಿಸಿದಾಗ ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ. ತಾನೇ ನಿಂತ. ತಾಮ್ರದ ಸುರುಳಿಗಳು ಅವನ ಬೂಟಿನ ಮೇಲೆ ಬಿದ್ದವಂತೆ. ಜೊಸಿಮಾ ಹೇಳಿದ. ಆಮೇಲೆ ಅದೇ ಉರುಳೆಯ ಮೇಲೆ ಅವನು ಟ್ರಾಕ್ಟರ್ ಕೆತ್ತಿದ. ಚಕ್ರದ ಹಲ್ಲುಗಳನ್ನೂ ಬಿಡದೆ ಕೆತ್ತಿದ. ಹಾಳು ಕೆಲಸ ಮಾಡುವುದು ಅವನಿಗೆ ಗೊತ್ತಿರಲಿಲ್ಲ.

ಬಟ್ಟೆಯಾಗಿ ಬಂದಾಗ ಊರಿಗೆಲ್ಲ ನಗೆ. ಕಾಗದದ ಮೇಲೆ ಟ್ರಾಕ್ಟರ್ ಚೆನ್ನಾಗಿಯೇ ಇತ್ತು. ಹೊಲಿದ ಮೇಲೆ ಅದು ಎಲ್ಲೆಲ್ಲಿ ಹೋಗಿ ನಿಲ್ಲುತ್ತದೆಂದು ಯಾರೂ ಯೋಚಿಸಿರಲಿಲ್ಲ. ಒಬ್ಬಳಿಗೆ ಎದೆಯ ಮೇಲೆ ಒಂದೊಂದು, ಮತ್ತೊಬ್ಬಳಿಗೆ ಕೂರುವ ಜಾಗಕ್ಕೆ ಸರಿಯಾಗಿ.

“ಏನೇ, ಹಿಂದುಗಡೆ ಉಳೋಕೆ ಹೊರಟ್ಯಾ?”

“ಮುಂದೆ ಉತ್ತಾಯ್ತು ಕಣೋ, ನಿನ್ನ ಹೆಂಡ್ತಿ ಹೊಲದಲ್ಲಿ ಕೆಲಸ ಇದ್ರೆ ಹೇಳು!”

ಬಟ್ಟೆ ಉಗ್ರಾಣದಲ್ಲಿ ಬಿದ್ದುಕೊಂಡಿತು. ಕೊನೆಗೆ ಮೂಟೆ ಹೊಲಿಯಲು ಹೋಯಿತು.

ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ಪತ್ರಿಕೆಯಲ್ಲಿ ಟ್ರಾಕ್ಟರ್ ಬಟ್ಟೆಯನ್ನೇ ಗೇಲಿ ಮಾಡಿ ಬರೆದರು. ಸೋವಿಯತ್ ಹೆಣ್ಣಿಗೆ ಹೂ ಯಾಕೆ ಬೇಡ ಎಂದರು. ಹೂ ಬೇಡ ಎಂದಿದ್ದವರೂ ಇವರೇ. ಸಭೆಯಲ್ಲಿ ವೊರೊಬ್ಯೋವಾಳನ್ನು ನಿಲ್ಲಿಸಿ ಬೈದರು. ಪಾಪ, ಅವಳು ಕೆಮ್ಮುತ್ತ ನಿಂತಿದ್ದಳು. ಆಮೇಲೆ ಅದೇ ಬೂಟಿನಲ್ಲಿ ಮನೆಮನೆಗೆ ಹೋಗಿ ಹಳೆಯ ಬಟ್ಟೆ ಇದ್ದರೆ ಕೊಡಿ ಎಂದು ಬೇಡತೊಡಗಿದಳು. ಮೇಕೆಯ ಮುದುಕಿ ತನ್ನ ಏಪ್ರನ್ ಕೊಟ್ಟಳು. ಸಾವಿರ ಸಲ ಒಗೆದ ಚೆರ್ಯೋಮುಖಾ.

ಅದನ್ನು ತಂದು ವೊರೊಬ್ಯೋವಾ ನಮ್ಮ ಮೇಜಿನ ಮೇಲೆ ಹರಡಿದಳು. ಚಹಾದ ಸಮೊವಾರ್ ಕುದಿಯುತ್ತಿತ್ತು.

“ಯೆವ್ಲಾಂಪಿ ಜಖಾರಿಚ್, ಇದನ್ನ ಮತ್ತೆ ಕೆತ್ತೋಕಾಗುತ್ತಾ?”

“ಆಗುತ್ತೆ.”

“ಇದನ್ನ ಬರೆದೋರು ಯಾರು ಅಂತ ನಿಮಗೇನಾದ್ರೂ ಗೊತ್ತಾ?”

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವನು ನನ್ನ ಕಡೆ ನೋಡಲಿಲ್ಲ.

“ಹಳೇ ಕಾಲದ್ದು. ತಾಮ್ರಕ್ಕೆ ಒಡೆಯನಿಲ್ಲ, ತಾಯಿ.”

“ಸುಳ್ಳು ಹೇಳ್ತಾನೆ. ಇವನೇ” ಎಂದೆ ನಾನು.

ಅವಳು ಅವನನ್ನು ನೋಡಿದಳು. ಅವನು ನಕ್ಕ. “ನಮ್ಮವಳಿಗೆ ಊರಲ್ಲಿರೋ ಚೀಟಿ ಬಟ್ಟೆಯೆಲ್ಲ ನಾನೇ ಮಾಡಿದ್ದು. ಆಕಾಶಕ್ಕೆ ನಕ್ಷತ್ರ ಹಾಕಿದ್ದೂ ನಾನೇ ಅಂತಾಳೆ.” ಅವಳೂ ನಕ್ಕು ಚಹಾ ಕುಡಿದು ಹೋದಳು.

ಮತ್ತೆ ಕೆತ್ತಿದ. ಕೈ ಮೊದಲಿನಂತಿರಲಿಲ್ಲ. ಕನ್ನಡಕದ ಮೇಲೆ ಭೂತಗಾಜು ಹಿಡಿಯುತ್ತಿದ್ದ. ಮೊದಲ ಬಟ್ಟೆ ಬಂದಾಗ ನಾನು ಹುಡುಕಿ ನೋಡಿದೆ. ಗೊಂಚಲು ಅದೇ, ಕೊಂಬೆ ಅದೇ. ಮೇಕೆ ಕಚ್ಚಿದ ಎಲೆ ಮಾತ್ರ ಪೂರ್ತಿಯಾಗಿತ್ತು.

“ಎಲೆ ಯಾಕೆ ತುಂಬಿಸ್ದೆ?”

“ಮತ್ತೆ ಯಾರಾದ್ರೂ ಕೊಳೆತಿದೆ ಅಂದಾರು” ಎಂದ. ಅಷ್ಟು ಭಯ ಅವನಲ್ಲಿ ಯಾವಾಗ ಹೊಕ್ಕಿತೋ ನನಗೆ ಗೊತ್ತಾಗಲೇ ಇಲ್ಲ. ಹಸಿವಿನಲ್ಲೂ ಹೆದರದವನು.

ಮರುವರ್ಷ ಶ್ವಾಸಕೋಶ ಕೆಟ್ಟು ತೀರಿಕೊಂಡ. ಆಸ್ಪತ್ರೆಯಲ್ಲಿ ಕೊನೆಗೆ ನನ್ನನ್ನು ಕೇಳಿದ್ದು, ಕೆತ್ತನೆ ಕೋಣೆಯ ಕಿಟಕಿಗೆ ಗಾಜು ಹಾಕಿದರಾ ಎಂದು. ಹಾಕಿದರು ಎಂದೆ. ಹಾಕಿರಲಿಲ್ಲ.

ನಲವತ್ತನೆಯ ದಿನದ ಊಟ ಮುಗಿದ ಸ್ವಲ್ಪ ದಿನಕ್ಕೆ ವೊರೊಬ್ಯೋವಾ ಗಿರಣಿಯ ಕಚೇರಿಗೆ ಕರೆಸಿದಳು. ಮಾಸ್ಕೋದಲ್ಲಿ ಚೀಟಿ ಬಟ್ಟೆಗಳ ಪ್ರದರ್ಶನವಂತೆ. ಚೆರ್ಯೋಮುಖಾ ಹೋಗುತ್ತದಂತೆ. ಪ್ರತಿಯೊಂದು ಬಟ್ಟೆಯ ಕೆಳಗೂ ಮಾಡಿದವರ ಹೆಸರು ಇರಬೇಕಂತೆ.

“ಲುಕೇರ್ಯಾ ಸವೇಲ್ಯೆವ್ನಾ, ಅವತ್ತು ನೀವು ಹೇಳಿದ್ರಲ್ಲ. ನಾನು ನಕ್ಕುಬಿಟ್ಟೆ. ಅದು ನಿಜಾನಾ?”

“ನಿಜ.”

“ನಾನು ನಂಬ್ತೀನಿ. ಆದ್ರೆ ಹೆಂಡತಿ ಹೇಳಿದ್ಲು ಅಂದ್ರೆ ಅವರು ಒಪ್ಪಲ್ಲ. ಕಂಡೋರು ಒಬ್ಬರು ಬೇಕು. ಒಬ್ಬರು ಸಾಕು.”

ಕಂಡವನು ಒಬ್ಬನೇ. ಆ ಬೇಸಿಗೆಯೆಲ್ಲ ಪಕ್ಕದಲ್ಲಿ ಕೂತು ಉಳಿ ಸಾಣೆ ಹಿಡಿದುಕೊಟ್ಟವನು. ನಾನೇ ಹೋಗಿ ಜೊಸಿಮಾನನ್ನು ಕರೆತಂದೆ. ಕಚೇರಿಯಲ್ಲಿ ಟೋಪಿ ತೆಗೆದು ಬಾಗಿಲಲ್ಲೇ ನಿಂತ. ವೊರೊಬ್ಯೋವಾ ಬಟ್ಟೆ ತೋರಿಸಿ ಕೇಳಿದಳು. ಅವನು ಅಂಗೈ ಚಾಚಿ ಬಟ್ಟೆಯ ಮೇಲಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಮುಖ ಕಿವುಚಿಕೊಂಡ.

“ನಮ್ಮ ಕೋಣೆದು” ಎಂದ.

“ಅದು ಗೊತ್ತು ಅಜ್ಜ. ಯಾರದು?”

“ನಮ್ಮ ಕೋಣೆದು ಅಂದೆನಲ್ಲ, ತಾಯಿ.”

ಅವಳು ಎರಡು ಸಲ, ಮೂರು ಸಲ ಕೇಳಿದಳು. ಆಮೇಲೆ ಪೆನ್ನು ಕೆಳಗಿಟ್ಟಳು.

ಹೊರಗೆ ಬಂದು ನಾನು ಅವನ ತೋಳು ಹಿಡಿದೆಳೆದೆ.

“ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ ಮುದಿ ಗೂಬೆ? ಅವನು ಸತ್ತಾಯ್ತು. ಇನ್ನು ಯಾರು ಅವನ ಪಕ್ಕ ಕೂತು ಉಣ್ಣಲ್ಲ ಅಂತಾರೆ?”

“ಅವನೇ ಹೇಳ್ಲಿಲ್ಲ ಲುಶಾ.” ಅವನು ಅಳುತ್ತಿದ್ದ. “ಇಷ್ಟು ವರ್ಷ ಬಾಯಿ ಮುಚ್ಚಿ ಇಟ್ಕೊಂಡಿದ್ದು ಅವನು. ನಾನು ಹೇಳಿ ಅದನ್ನ ಕೆಡಿಸ್ಲಾ? ನಾಳೆ ಅಲ್ಲಿ ಸಿಕ್ಕಿದಾಗ ಏನಂತ ಮುಖ ತೋರಿಸ್ಲಿ?”

ಅವನ ಕೆನ್ನೆಗೆ ಬಿಗಿಯಬೇಕು ಅನಿಸಿತ್ತು. ಕೈ ಏಳಲಿಲ್ಲ. ಜೊಸಿಮಾ ಸತ್ತು ನನ್ನ ಗಂಡ ಬದುಕಿದ್ದಿದ್ದರೆ ಅವನೂ ಅಕ್ಷರ ಬಿಡದೆ ಹೀಗೇ ಹೇಳುತ್ತಿದ್ದ. ಗಿರಣಿ, ಕಟ್ಟಡ, ಯಂತ್ರ ಎಲ್ಲವನ್ನೂ ಇವರ ಕೈಗೆ ಕೊಟ್ಟರು. ಒಂದು ಹೂ ನಂದು ಎನ್ನಲು ಇವರಿಗೆ ಬರಲಿಲ್ಲ. ಕಲಿಸುವವರೂ ಇರಲಿಲ್ಲ. ಗದರಿಸುವವರಿದ್ದರು.

ಬಟ್ಟೆ ಮಾಸ್ಕೋಗೆ ಹೋಯಿತು. ಕೆಳಗೆ ‘ಮಾಡಿದವರು ತಿಳಿಯದು’ ಎಂದು ಹಾಕಿದ್ದರೆಂದು ವೊರೊಬ್ಯೋವಾ ಬಂದು ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮೊನ್ನೆ ಅಂಗಡಿಗೆ ಚೆರ್ಯೋಮುಖಾ ಬಂದಿದೆ ಎಂದು ಕೇಳಿ ಹೋಗಿ ಸಾಲಿನಲ್ಲಿ ನಿಂತೆ. ಕೊಳ್ಳಬೇಕೆಂದಲ್ಲ. ನೋಡಬೇಕೆಂದು. ನನ್ನ ಮುಂದೆ ಇಬ್ಬರು ಹೆಂಗಸರು ಒಂದೇ ತುಂಡಿಗೆ ಕಿತ್ತಾಡುತ್ತಿದ್ದರು. ನನ್ನ ಸರದಿ ಬಂತು. ಅಂಗಡಿಯ ಹುಡುಗಿ ಥಾನು ಬಿಚ್ಚಿ ಹಲಗೆಯ ಮೇಲೆ ಎಸೆದಳು. ಗೊಂಚಲುಗಳು ನನ್ನ ಕೈಯವರೆಗೆ ಬಂದವು.

“ಇದನ್ನ ನನ್ನ ಗಂಡ ಮಾಡಿದ್ದು” ಎಂದೆ.

“ಹೌದು ಅಜ್ಜಿ, ಈ ಊರಲ್ಲಿ ಎಲ್ಲರ ಗಂಡಂದಿರೂ ಗಿರಣೀಲೇ ಇರೋದು. ಎಷ್ಟು ಮೀಟರ್ ಬೇಕು ಹೇಳು, ಹಿಂದೆ ಜನ ಕಾಯ್ತಿದ್ದಾರೆ.”

ಹಿಂದಿನವಳು ಮೊಣಕೈಯಿಂದ ತಳ್ಳಿದಳು. ನಾನು ಸಾಲು ಬಿಟ್ಟು ಬದಿಗೆ ಸರಿದೆ.